ಮುಟ್ಟು ನಿಲ್ಲುವ ಮುನ್ನ: ಯಾವುದು ಸಹಜ, ಯಾವುದು ಅಲ್ಲ?

ಮಗಳ ನಿಕಾಹ್‌ಗೆ ಎರಡು ವಾರ ಉಳಿದಿತ್ತು. ಬಟ್ಟೆ, ಆಭರಣ, ನೆಂಟರ ಪಟ್ಟಿ ಎಂದು ಮನೆಯಲ್ಲಿ ಎಲ್ಲರಿಗೂ ಓಡಾಟ. ನನಗೆ ಪರಿಚಯದ ಆ ಸಹೋದರಿಗೆ ಆಗ 46 ವರ್ಷ. ಮಹಡಿಯ ಮೆಟ್ಟಿಲು ಹತ್ತುತ್ತಿದ್ದವರು ಅರ್ಧದಲ್ಲೇ ಕುಳಿತುಬಿಟ್ಟರು. ಎದೆ ಢವಢವ ಎನ್ನುತ್ತಿತ್ತು. ಕಣ್ಣು ಕತ್ತಲೆ ಬಂದಿತ್ತು. "ಮದುವೆ ಕೆಲಸದ ದಣಿವು, ಸ್ವಲ್ಪ ಮಲಗಿದರೆ ಸರಿಹೋಗುತ್ತದೆ" ಎಂದರು. ಮಗಳು ಬಿಡಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 6.4 ಇತ್ತು. ಹೆಣ್ಣುಮಕ್ಕಳಲ್ಲಿ ಅದು ಕನಿಷ್ಠ 12 ಇರಬೇಕು.

ವೈದ್ಯೆ ಮೊದಲು ಕೇಳಿದ್ದೇ ಮುಟ್ಟಿನ ಬಗ್ಗೆ. ಎಂಟು ತಿಂಗಳಿನಿಂದ ಲೆಕ್ಕ ತಪ್ಪಿತ್ತು. ಒಮ್ಮೆ 20 ದಿನಕ್ಕೆ, ಒಮ್ಮೆ ಎರಡು ತಿಂಗಳಿಗೆ. ಬಂದರೆ ಹತ್ತು ಹನ್ನೆರಡು ದಿನ ನಿಲ್ಲುತ್ತಿರಲಿಲ್ಲ. ರಾತ್ರಿ ಎರಡೆರಡು ಬಾರಿ ಎದ್ದು ಬಟ್ಟೆ ಬದಲಿಸಬೇಕಾಗುತ್ತಿತ್ತು. "ಯಾರಿಗಾದರೂ ಹೇಳಿದ್ರಾ?" ಎಂದಾಗ ಅವರ ಉತ್ತರ: "ಅತ್ತಿಗೆಗೆ ಹೇಳಿದ್ದೆ. ನಿಲ್ಲುವ ಕಾಲಕ್ಕೆ ಹಾಗೇ ಆಗುವುದು, ನನಗೂ ಆಗಿತ್ತು ಅಂದರು. ಅದಕ್ಕೇ ಸುಮ್ಮನಾದೆ."

ಅತ್ತಿಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ಮುಟ್ಟು ನಿಲ್ಲುವ ಮುನ್ನ ಕೆಲವು ವರ್ಷ ಅದು ಏರುಪೇರಾಗುವುದು ಸಹಜವೇ. ಆದರೆ ಮೆಟ್ಟಿಲು ಹತ್ತಲಾಗದಷ್ಟು ರಕ್ತ ಹೋಗುವುದು ಯಾವ ವಯಸ್ಸಿನಲ್ಲೂ ಸಹಜವಲ್ಲ. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂಬುದು ನಲ್ವತ್ತು ದಾಟಿದ ಪ್ರತಿ ಸಹೋದರಿಗೂ ಗೊತ್ತಿರಬೇಕು. ಈ ಲೇಖನ ಅದರ ಬಗ್ಗೆ.

ಈ ಹಂತ ಯಾವಾಗ ಶುರುವಾಗುತ್ತದೆ?

ಸತತ 12 ತಿಂಗಳು ಮುಟ್ಟು ಬಾರದೇ ಇದ್ದರೆ ಅದನ್ನು ಋತುಬಂಧ ಎನ್ನುತ್ತಾರೆ. ಭಾರತದ ಮಹಿಳೆಯರಲ್ಲಿ ಇದು ಸರಾಸರಿ 46–47ನೇ ವಯಸ್ಸಿನ ಸುಮಾರಿಗೆ ಆಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು 51. ಆದರೆ ಮುಟ್ಟು ಒಂದೇ ದಿನದಲ್ಲಿ ನಲ್ಲಿ ಮುಚ್ಚಿದಂತೆ ನಿಲ್ಲುವುದಿಲ್ಲ. ಅದಕ್ಕೆ ಮುಂಚೆ ಕೆಲವು ವರ್ಷಗಳ ಒಂದು ಹಂತ ಇರುತ್ತದೆ. ಸಾಮಾನ್ಯವಾಗಿ ನಾಲ್ಕು ವರ್ಷ. ಕೆಲವರಿಗೆ ಎರಡೇ ವರ್ಷ, ಕೆಲವರಿಗೆ ಎಂಟು ವರ್ಷ. ಇದನ್ನು ಋತುಬಂಧ ಪೂರ್ವ ಹಂತ ಎಂದು ಕರೆಯಬಹುದು. ನಮ್ಮಲ್ಲಿ ಅನೇಕರಿಗೆ ಇದು ನಲ್ವತ್ತರ ಆರಂಭದಲ್ಲೇ ಶುರುವಾಗುತ್ತದೆ.

40 ವರ್ಷಕ್ಕೆ ಮುಂಚೆಯೇ ಮುಟ್ಟು ನಿಂತರೆ ಅದು ಅಕಾಲಿಕ. "ಬೇಗ ನಿಂತಿತು, ಒಳ್ಳೆಯದೇ ಆಯಿತು" ಎಂದು ಬಿಡಬಾರದು. ಮೂಳೆ ಮತ್ತು ಹೃದಯದ ರಕ್ಷಣೆಗಾಗಿ ಅಂಥವರಿಗೆ ಚಿಕಿತ್ಸೆ ಬೇಕಾಗಬಹುದು.

ಒಳಗೆ ಏನಾಗುತ್ತಿರುತ್ತದೆ?

ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಕೋಶಗಳು ಇರುತ್ತವೆ. ಆಮೇಲೆ ಹೊಸದು ಸೇರುವುದಿಲ್ಲ, ಇದ್ದದ್ದು ಕಡಿಮೆಯಾಗುತ್ತಾ ಹೋಗುತ್ತದೆ. ನಲ್ವತ್ತು ದಾಟಿದಾಗ ಉಳಿದಿರುವುದು ಸ್ವಲ್ಪ. ಹಾಗಾಗಿ ಕೆಲವು ತಿಂಗಳು ಅಂಡ ಬಿಡುಗಡೆಯಾಗುತ್ತದೆ, ಕೆಲವು ತಿಂಗಳು ಆಗುವುದಿಲ್ಲ.

ಮುಟ್ಟನ್ನು ನಡೆಸುವುದು ಮುಖ್ಯವಾಗಿ ಎರಡು ಹಾರ್ಮೋನುಗಳು. ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಅಂಡ ಬಿಡುಗಡೆಯಾದ ನಂತರ ಬರುವ ಪ್ರೊಜೆಸ್ಟರಾನ್ ಆ ಬೆಳವಣಿಗೆಗೆ ಕಡಿವಾಣ ಹಾಕಿ, ಪದರವನ್ನು ಹದಗೊಳಿಸುತ್ತದೆ. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಪ್ರೊಜೆಸ್ಟರಾನ್ ಬರುವುದೇ ಇಲ್ಲ. ಕಡಿವಾಣವಿಲ್ಲದೆ ಪದರ ದಪ್ಪವಾಗುತ್ತಲೇ ಹೋಗುತ್ತದೆ. ಒಂದು ದಿನ ಅಲ್ಲಲ್ಲಿ ಕುಸಿಯತೊಡಗುತ್ತದೆ. ಆಗ ಸ್ರಾವ ತಡವಾಗಿ ಬರುತ್ತದೆ, ಹೆಚ್ಚು ಬರುತ್ತದೆ, ಬೇಗ ನಿಲ್ಲುವುದಿಲ್ಲ. "ಎರಡು ತಿಂಗಳು ಬರಲಿಲ್ಲ, ಬಂದಾಗ ಎರಡು ತಿಂಗಳದ್ದು ಒಟ್ಟಿಗೇ ಬಂತು" ಎಂದು ಹೆಂಗಸರು ಹೇಳುವುದರ ಹಿಂದಿನ ಕಾರಣ ಇದೇ. ತಡೆದು ನಿಂತ ಕೆಟ್ಟ ರಕ್ತ ಹೊರಗೆ ಹೋಯಿತು ಎಂಬುದು ತಪ್ಪು ತಿಳಿವಳಿಕೆ. ಹೋಗುವುದು ಮೈಯಲ್ಲಿ ಓಡಾಡುವ ಒಳ್ಳೆಯ ರಕ್ತವೇ.

ಸಹಜ ಎನ್ನಬಹುದಾದ ಬದಲಾವಣೆಗಳು

ಮೊದಲ ಹಂತದಲ್ಲಿ ಮುಟ್ಟಿನ ಅಂತರ ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ಆಚೀಚೆ ಆಗುತ್ತದೆ. 28 ದಿನಕ್ಕೆ ತಪ್ಪದೆ ಬರುತ್ತಿದ್ದವರಿಗೆ ಒಮ್ಮೆ 24, ಒಮ್ಮೆ 35 ದಿನ. ನಂತರದ ಹಂತದಲ್ಲಿ 60 ದಿನ, 90 ದಿನ ಬಾರದೇ ಇರಬಹುದು. ಸ್ರಾವ ಕೆಲವೊಮ್ಮೆ ಎರಡೇ ದಿನ, ಕೆಲವೊಮ್ಮೆ ಆರೇಳು ದಿನ. ಜೊತೆಗೆ ಇದ್ದಕ್ಕಿದ್ದಂತೆ ಮುಖ, ಎದೆ ಬಿಸಿಯಾಗಿ ಬೆವರುವುದು, ರಾತ್ರಿ ನಿದ್ದೆ ಬಾರದಿರುವುದು, ಸಣ್ಣ ಮಾತಿಗೂ ಸಿಟ್ಟು ಅಥವಾ ಅಳು ಬರುವುದು, ಮರೆವು, ಕೀಲುನೋವು, ಮುಟ್ಟಿಗೆ ಮುಂಚೆ ಎದೆ ಬಿಗಿಯುವುದು ಇವೆಲ್ಲ ಇರಬಹುದು. ಒಬ್ಬರಿಗೆ ಎಲ್ಲವೂ ಇರುವುದಿಲ್ಲ. ಕೆಲವರಿಗೆ ಏನೂ ತೊಂದರೆಯಿಲ್ಲದೆ ಈ ಹಂತ ಕಳೆದುಹೋಗುತ್ತದೆ.

ಈ ಲಕ್ಷಣಗಳಿದ್ದರೆ ಕಾಯಬೇಡಿ

ಕೆಳಗಿನ ಯಾವುದೇ ಒಂದು ಕಂಡರೂ "ವಯಸ್ಸಿಗೆ ಆಗುವುದು" ಎನ್ನದೆ ವೈದ್ಯರನ್ನು ಕಾಣಬೇಕು.

• ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಅಥವಾ ಬಟ್ಟೆ ಪೂರ್ತಿ ಒದ್ದೆಯಾಗುವುದು, ಹಾಸಿಗೆಗೆ ತಾಗುವುದು.
• ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪುಗಳು ಬೀಳುವುದು.
• ಏಳು ದಿನ ದಾಟಿಯೂ ಸ್ರಾವ ನಿಲ್ಲದಿರುವುದು.
• 21 ದಿನಕ್ಕೂ ಮುಂಚೆಯೇ ಮತ್ತೆ ಮತ್ತೆ ಮುಟ್ಟಾಗುವುದು.
• ಎರಡು ಮುಟ್ಟುಗಳ ನಡುವೆ, ಅಥವಾ ಪತಿಯೊಡನೆ ಸೇರಿದ ನಂತರ ರಕ್ತ ಕಾಣುವುದು.
• ಏದುಸಿರು, ಎದೆ ಬಡಿತ, ತಲೆ ಸುತ್ತು, ಮುಖ ಬಿಳಿಚಿಕೊಳ್ಳುವುದು.
• ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ಸರಿ.

ಕೊನೆಯದನ್ನು ಮತ್ತೊಮ್ಮೆ ಓದಿ. ವರ್ಷ ಕಳೆದ ಮೇಲೆ ಕಾಣುವ ರಕ್ತ "ಮತ್ತೆ ಬಂದ ಮುಟ್ಟು" ಅಲ್ಲ. ಹೆಚ್ಚಿನವರಲ್ಲಿ ಕಾರಣ ಸಣ್ಣದೇ ಇರುತ್ತದೆ. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ತನ್ನ ಸುಳಿವು ಕೊಡುವುದು ಬಹುಮಟ್ಟಿಗೆ ಹೀಗೆಯೇ. ಆ ಹೊತ್ತಿಗೇ ಪತ್ತೆಯಾದರೆ ಗುಣವಾಗುವ ಸಾಧ್ಯತೆ ತುಂಬಾ ಹೆಚ್ಚು. ನಾಚಿಕೆಯಿಂದ ಆರು ತಿಂಗಳು ಮುಚ್ಚಿಟ್ಟರೆ ಆ ಅವಕಾಶ ಕೈತಪ್ಪಬಹುದು.

ಎಲ್ಲವನ್ನೂ ವಯಸ್ಸಿನ ಮೇಲೆ ಹಾಕಬೇಡಿ

ಈ ವಯಸ್ಸಿನಲ್ಲಿ ಸ್ರಾವ ಹೆಚ್ಚಲು ಹಾರ್ಮೋನು ಏರುಪೇರು ಒಂದೇ ಕಾರಣವಲ್ಲ. ಗರ್ಭಕೋಶದ ಗಡ್ಡೆಗಳು ಅಂದರೆ ಫೈಬ್ರಾಯ್ಡ್, ಒಳಪದರದಲ್ಲಿ ಬೆಳೆಯುವ ದುರ್ಮಾಂಸ, ಥೈರಾಯ್ಡ್ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆಗಳು ಇವೂ ಕಾರಣವಾಗಬಹುದು. ತೂಕ ಹೆಚ್ಚಿರುವವರು, ಸಕ್ಕರೆ ಕಾಯಿಲೆ ಇರುವವರು ಇನ್ನಷ್ಟು ಎಚ್ಚರ ವಹಿಸಬೇಕು. ಕೊಬ್ಬಿನ ಅಂಶವೂ ಈಸ್ಟ್ರೋಜನ್ ತಯಾರಿಸುವುದರಿಂದ ಅಂಥವರಲ್ಲಿ ಒಳಪದರ ದಪ್ಪವಾಗುವ ಸಾಧ್ಯತೆ ಹೆಚ್ಚು.

ಸೇರಿದ ನಂತರ ರಕ್ತ ಕಾಣುವುದು, ದುರ್ವಾಸನೆಯ ಸ್ರಾವ ಇವು ಗರ್ಭಕೋಶದ ಕಂಠದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ಇದರ ತಪಾಸಣೆ ಸುಲಭ, ಕೆಲವು ನಿಮಿಷಗಳ ಕೆಲಸ. 30 ದಾಟಿದ ಮಹಿಳೆಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಈ ತಪಾಸಣೆ ನಡೆಸುವ ಕಾರ್ಯಕ್ರಮವಿದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಹಿಳಾ ಸಿಬ್ಬಂದಿಯೇ ಪರೀಕ್ಷಿಸಬೇಕೆಂದು ಕೇಳಲು ಹಿಂಜರಿಯಬೇಡಿ.

ಇನ್ನೊಂದು ಮಾತು. ಮುಟ್ಟು ತಡವಾಯಿತೆಂದರೆ ನಿಂತೇಹೋಯಿತು ಎಂದಲ್ಲ. ಅಂಡ ಬಿಡುಗಡೆ ಅಪರೂಪವಾದರೂ ಪೂರ್ತಿ ನಿಂತಿರುವುದಿಲ್ಲ. ಮಗಳು ಬಸುರಿಯಾಗಿರುವಾಗಲೇ ತಾನೂ ಬಸುರಿ ಎಂದು ತಿಳಿದು ಕಂಗಾಲಾದ ತಾಯಂದಿರಿದ್ದಾರೆ. 50 ವರ್ಷ ದಾಟಿದವರು ಕೊನೆಯ ಮುಟ್ಟಿನಿಂದ ಒಂದು ವರ್ಷ, 50ರೊಳಗಿನವರು ಎರಡು ವರ್ಷ ಗರ್ಭನಿರೋಧದ ಕ್ರಮ ಮುಂದುವರಿಸಬೇಕೆಂಬುದು ವೈದ್ಯರ ಸಲಹೆ. ಮುಟ್ಟು ತಪ್ಪಿದಾಗ ಅಗತ್ಯವಿದ್ದರೆ ಮೂತ್ರ ಪರೀಕ್ಷೆ ಮಾಡಿಕೊಳ್ಳಿ.

ವೈದ್ಯರ ಬಳಿ ಹೋದಾಗ

ಮೊದಲು ರಕ್ತ ಪರೀಕ್ಷೆ. ಹಿಮೋಗ್ಲೋಬಿನ್, ಅಗತ್ಯವಿದ್ದರೆ ಥೈರಾಯ್ಡ್. ನಂತರ ಹೊಟ್ಟೆಯ ಸ್ಕ್ಯಾನಿಂಗ್. 45 ದಾಟಿದವರಲ್ಲಿ ಸ್ರಾವ ಅಸಹಜವಾಗಿದ್ದರೆ ಒಳಪದರದ ಸಣ್ಣ ತುಣುಕನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದಕ್ಕೆ ಹೆದರಬೇಕಿಲ್ಲ. ಕ್ಯಾನ್ಸರ್ ಇಲ್ಲ ಎಂದು ಖಚಿತಪಡಿಸಿಕೊಳ್ಳುವ ದಾರಿ ಅದು.

ಕಾರಣ ತಿಳಿದ ಮೇಲೆ ಚಿಕಿತ್ಸೆಗೆ ಹಲವು ದಾರಿಗಳಿವೆ. ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಂಡು ಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್‌ನಂಥ ಮಾತ್ರೆಗಳಿವೆ. ಒಳಪದರದ ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೊಜೆಸ್ಟರಾನ್ ಮಾತ್ರೆಗಳಿವೆ. ಕಾಪರ್-ಟಿಯಂತೆ ಗರ್ಭಕೋಶದೊಳಗೆ ಇಡುವ, ಹಾರ್ಮೋನು ಇರುವ ವಂಕಿಯೂ ಇದೆ. ಅದು ಹಲವು ವರ್ಷ ಕೆಲಸ ಮಾಡುತ್ತದೆ, ಸ್ರಾವವನ್ನು ಬಹಳಷ್ಟು ಕಡಿಮೆ ಮಾಡುತ್ತದೆ. ಇವುಗಳಲ್ಲಿ ಯಾವುದು ಯಾರಿಗೆ ಸರಿ ಎಂದು ವೈದ್ಯರು ಹೇಳಬೇಕು. ಪಕ್ಕದ ಮನೆಯವರಿಗೆ ಹಿಡಿಸಿದ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತರಿಸಿ ನುಂಗಬೇಡಿ.

ಗರ್ಭಕೋಶ ತೆಗೆಯುವುದು ಕೊನೆಯ ದಾರಿ, ಮೊದಲನೆಯದಲ್ಲ. "ಮಕ್ಕಳಾದವಲ್ಲ, ಇನ್ನು ಅದು ಯಾಕೆ ಬೇಕು, ತೆಗೆಸಿಬಿಡಿ" ಎಂಬ ಮಾತು ನಮ್ಮಲ್ಲಿ ಬಹಳ ಸುಲಭವಾಗಿ ಬರುತ್ತದೆ. ಬಡ ಹೆಣ್ಣುಮಕ್ಕಳಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಅನಗತ್ಯವಾಗಿ ಗರ್ಭಕೋಶ ತೆಗೆದ ದೂರುಗಳು ನಮ್ಮದೇ ರಾಜ್ಯದ ಕಲಬುರಗಿ, ಹಾವೇರಿ ಜಿಲ್ಲೆಗಳಿಂದಲೂ ಬಂದಿದ್ದವು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ನಿರ್ದೇಶನ ನೀಡಿತು. ಕ್ಯಾನ್ಸರ್, ದೊಡ್ಡ ಗಡ್ಡೆಗಳು, ಬೇರೆ ಚಿಕಿತ್ಸೆಗೆ ಬಗ್ಗದ ಸ್ರಾವ ಇದ್ದಾಗ ಶಸ್ತ್ರಚಿಕಿತ್ಸೆ ಬೇಕೇ ಆಗುತ್ತದೆ. ಆಗ ಹಿಂಜರಿಯಬಾರದು. ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿ: ಕಾರಣ ಏನು? ಬೇರೆ ದಾರಿ ಇದೆಯೇ? ಅಂಡಾಶಯವನ್ನೂ ತೆಗೆಯುತ್ತೀರಾ? ಅಂಡಾಶಯ ತೆಗೆದರೆ ಋತುಬಂಧ ರಾತ್ರಿ ಬೆಳಗಾಗುವುದರೊಳಗೆ ಬಂದುಬಿಡುತ್ತದೆ, ಮೂಳೆಗಳು ಬೇಗ ಸವೆಯುತ್ತವೆ. ಸಮಾಧಾನವಾಗದಿದ್ದರೆ ಇನ್ನೊಬ್ಬ ವೈದ್ಯರನ್ನು ಕೇಳುವುದು ನಿಮ್ಮ ಹಕ್ಕು.

ನಮಾಝ್, ಉಪವಾಸದ ಗೊಂದಲ

ಈ ಹಂತದಲ್ಲಿ ಸಹೋದರಿಯರನ್ನು ತುಂಬಾ ಕಾಡುವ ವಿಷಯ ಇದು. ಹನ್ನೆರಡು ದಿನವಾಯಿತು, ಇನ್ನೂ ನಿಂತಿಲ್ಲ. ನಮಾಝ್ ಮಾಡಬೇಕೇ, ಬೇಡವೇ? ನಿಂತಿತೆಂದು ಸ್ನಾನ ಮಾಡಿದೆ, ಮೂರನೇ ದಿನ ಮತ್ತೆ ಕಂಡಿತು. ಉಪವಾಸ ಹಿಡಿದದ್ದು ಆಯಿತೇ?

ಮುಟ್ಟಿನ ರಕ್ತ ಅಂದರೆ ಹೈಝ್ ಬೇರೆ, ಕಾಯಿಲೆಯಿಂದ ಬರುವ ರಕ್ತ ಅಂದರೆ ಇಸ್ತಿಹಾಝ ಬೇರೆ. ಹೈಝ್‌ನ ಗರಿಷ್ಠ ಅವಧಿ ಹನಫೀ ಮದ್‌ಹಬ್‌ನಲ್ಲಿ 10 ದಿನ, ಶಾಫಿಈ ಮದ್‌ಹಬ್‌ನಲ್ಲಿ 15 ದಿನ. ಎರಡು ಮುಟ್ಟುಗಳ ನಡುವೆ ಕನಿಷ್ಠ 15 ದಿನಗಳ ಶುದ್ಧಿ ಇರಬೇಕೆಂಬುದು ಎರಡರಲ್ಲೂ ಇದೆ. ಇಸ್ತಿಹಾಝದಲ್ಲಿ ನಮಾಝ್ ಬಿಡುವಂತಿಲ್ಲ. ಶುಚಿ ಮಾಡಿಕೊಂಡು, ಬಟ್ಟೆ ಭದ್ರಪಡಿಸಿ, ನಮಾಝ್‌ನ ವೇಳೆಗೆ ವುಝೂ ಮಾಡಿ ನಿರ್ವಹಿಸಬೇಕು. ಉಪವಾಸವನ್ನೂ ಹಿಡಿಯಬಹುದು. ಅವಧಿ ಮೀರಿದಾಗ ನಿಮ್ಮ ಹಿಂದಿನ ವಾಡಿಕೆ ಎಷ್ಟು ದಿನದ್ದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ದಿನಾಂಕಗಳನ್ನು ಬರೆದಿಟ್ಟುಕೊಂಡು ತಿಳಿದವರನ್ನು ಕೇಳಿ. ಆಲಿಮರನ್ನು ನೇರವಾಗಿ ಕೇಳಲು ಸಂಕೋಚವಾದರೆ ಆಲಿಮಾ ಒಬ್ಬರ ಮೂಲಕ ಕೇಳಬಹುದು.

ಆದರೆ ಒಂದು ವಿಷಯ ನೆನಪಿರಲಿ. ಪ್ರತಿ ತಿಂಗಳೂ "ಇದು ಇಸ್ತಿಹಾಝ" ಎಂಬ ಉತ್ತರ ಬರುತ್ತಿದ್ದರೆ, ಅದು ಕಾಯಿಲೆಯ ರಕ್ತ ಎಂದೇ ಅರ್ಥ. ಮಸ್‌ಅಲ ಕೇಳಿದಲ್ಲಿಗೆ ಕೆಲಸ ಮುಗಿಯಲಿಲ್ಲ. ಆಸ್ಪತ್ರೆಗೂ ಹೋಗಬೇಕು. ರಕ್ತ ತೀರಾ ಕಡಿಮೆಯಿರುವವರು ಉಪವಾಸದ ಬಗ್ಗೆ ವೈದ್ಯರ ಮಾತು ಕೇಳಬೇಕು. ಕಾಯಿಲೆಯವರಿಗೆ ರಿಯಾಯಿತಿ ಇದ್ದೇ ಇದೆ.

ರಮಝಾನ್, ಉಮ್ರಾ, ಹಜ್ಜ್‌ನ ಸಮಯದಲ್ಲಿ ಮುಟ್ಟು ಮುಂದೂಡುವ ಮಾತ್ರೆ ತೆಗೆದುಕೊಳ್ಳುವ ರೂಢಿ ಇದೆ. ನಲ್ವತ್ತು ದಾಟಿದವರು ಇದನ್ನು ತಾವಾಗಿಯೇ ಮಾಡಬಾರದು. ಮುಂಚೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಯಕೃತ್ತಿನ ಕಾಯಿಲೆ ಇರುವವರು, ಕಾರಣ ತಿಳಿಯದ ಸ್ರಾವ ಇರುವವರಿಗೆ ಅವು ಅಪಾಯ ತರಬಹುದು. ಪ್ರಯಾಣಕ್ಕೆ ಒಂದೆರಡು ತಿಂಗಳು ಮುಂಚೆಯೇ ಸ್ತ್ರೀರೋಗ ತಜ್ಞರನ್ನು ಕಂಡು ಮಾತಾಡಿ.

ಶುಚಿತ್ವ

ಯಾವಾಗ ಬರುತ್ತದೆಂದು ಹೇಳಲಾಗದ ಕಾಲವಾದ್ದರಿಂದ ಒಂದು ಪ್ಯಾಡ್, ಒಂದು ಒಳಉಡುಪು ಚೀಲದಲ್ಲಿ ಸದಾ ಇರಲಿ. ಸ್ರಾವ ಕಡಿಮೆಯಿದ್ದರೂ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಿ. ಬಟ್ಟೆ ಬಳಸುವವರು ಸಾಬೂನಿನಲ್ಲಿ ಒಗೆದು ಬಿಸಿಲಿಗೇ ಹರವಿ. ಯಾರೂ ನೋಡಬಾರದೆಂದು ಬಚ್ಚಲಿನ ಮೂಲೆಯಲ್ಲಿ, ಬೇರೆ ಬಟ್ಟೆಯ ಅಡಿಯಲ್ಲಿ ಒಣಗಿಸಿದರೆ ತೇವ ಉಳಿದು ತುರಿಕೆ, ಸೋಂಕು ಬರುತ್ತದೆ. ತೆಳು ದುಪಟ್ಟಾ ಮೇಲೆ ಹೊದಿಸಿ ಒಣಗಿಸಿದರೂ ಬಿಸಿಲು ತಾಗುತ್ತದೆ.

ಈಸ್ಟ್ರೋಜನ್ ಕಡಿಮೆಯಾಗುತ್ತಾ ಹೋದಂತೆ ಜನನಾಂಗದ ಒಳಚರ್ಮ ತೆಳುವಾಗಿ ಒಣಗುತ್ತದೆ. ಉರಿ, ಸೇರುವಾಗ ನೋವು, ಪದೇಪದೇ ಮೂತ್ರದ ಸೋಂಕು, ಕೆಮ್ಮಿದರೆ ಸೀನಿದರೆ ಮೂತ್ರ ಹನಿಯುವುದು ಶುರುವಾಗಬಹುದು. ವುಝೂ ನಿಲ್ಲುವುದಿಲ್ಲವೆಂದು ಎಷ್ಟೋ ಮಂದಿ ಇದರಿಂದ ಮನಸ್ಸಿನಲ್ಲೇ ನೊಂದುಕೊಳ್ಳುತ್ತಾರೆ. ಇದಕ್ಕೂ ಚಿಕಿತ್ಸೆ ಇದೆ, ಸ್ನಾಯು ಬಿಗಿಗೊಳಿಸುವ ವ್ಯಾಯಾಮಗಳಿವೆ. ತೊಳೆಯಲು ಶುದ್ಧ ನೀರು ಸಾಕು. ಒಳಭಾಗಕ್ಕೆ ಸಾಬೂನು, ಡೆಟಾಲ್, ಸುಗಂಧದ ದ್ರವ ಏನನ್ನೂ ಹಾಕಬೇಡಿ. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಹತ್ತಿಯ ಒಳಉಡುಪು ಧರಿಸಿ. ಹೊರಗೆ ಹೋಗುವಾಗ ಶೌಚಾಲಯ ಸಿಗದೆಂದು ನೀರು ಕುಡಿಯದೇ ಇರಬೇಡಿ.

ತಟ್ಟೆಯಲ್ಲಿ ಏನಿರಬೇಕು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ 47.8 ಶೇಕಡಾ ಮಂದಿಗೆ ರಕ್ತಹೀನತೆ ಇದೆ. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ಮೊದಲೇ ರಕ್ತ ಕಡಿಮೆಯಿರುವ ಮೈಯಿಂದ ತಿಂಗಳಿಗೆರಡು ಬಾರಿ ರಕ್ತ ಹೋದರೆ ಏನು ಉಳಿದೀತು?

ನುಗ್ಗೆಸೊಪ್ಪು, ಹರಿವೆ, ಕಾಳುಗಳು, ರಾಗಿ, ಮಾಂಸ, ಈರುಳ್ಳಿ ಹಾಕಿ ಹುರಿದ ಲಿವರ್, ಮೀನು, ಮೊಟ್ಟೆ ಇವು ನಮ್ಮ ಅಡುಗೆಮನೆಯಲ್ಲೇ ಇವೆ. ಆದರೆ ಮನೆಯ ಗಂಡಸರು, ಮಕ್ಕಳು ಉಂಡ ಮೇಲೆ ಉಳಿದ ಸಾರು ಅನ್ನ ಮಾತ್ರ ತಾಯಿಯ ತಟ್ಟೆಗೆ ಬರುತ್ತದೆ. ಇದು ಬದಲಾಗಬೇಕು. ಊಟದ ಜೊತೆ ಲಿಂಬೆಹಣ್ಣು, ಪೇರಳೆ, ನೆಲ್ಲಿಕಾಯಿ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಹತ್ತುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಿರಿ. ರಕ್ತಹೀನತೆ ಹೆಚ್ಚಿದ್ದರೆ ಆಹಾರವೊಂದೇ ಸಾಲದು, ಕಬ್ಬಿಣದ ಮಾತ್ರೆ ಬೇಕೇ ಬೇಕು. ಮಾತ್ರೆಯಿಂದ ಮಲ ಕಪ್ಪಾಗುವುದಕ್ಕೆ ಹೆದರಬೇಡಿ. ಮೂಳೆಗಳಿಗಾಗಿ ಹಾಲು, ಮೊಸರು, ಎಳ್ಳು. ದಿನಕ್ಕೆ ಅರ್ಧ ಗಂಟೆ ನಡಿಗೆ. ಅಂಗಳದಲ್ಲೋ ತಾರಸಿಯಲ್ಲೋ ಸ್ವಲ್ಪ ಹೊತ್ತು ಮೈಗೆ ಬಿಸಿಲು.

ಮನೆಯವರಿಗೆ ಒಂದು ಮಾತು

ಈ ಪುಟವನ್ನು ಓದುತ್ತಿರುವ ಸಹೋದರರೇ, ನಿಮ್ಮ ಪತ್ನಿಗೆ ಅಥವಾ ತಾಯಿಗೆ ಈಚೆಗೆ ಸಿಟ್ಟು ಹೆಚ್ಚಾಗಿದ್ದರೆ, ಫಜ್ರ್‌ಗೆ ಮುಂಚೆಯೇ ಎದ್ದು ಕುಳಿತಿದ್ದರೆ, ಕೆಲಸದ ನಡುವೆ ಸುಸ್ತಾಗಿ ಗೋಡೆಗೆ ಒರಗುತ್ತಿದ್ದರೆ, "ವಯಸ್ಸಾಯಿತು" ಎಂದು ನಗಬೇಡಿ. ಆಸ್ಪತ್ರೆಗೆ ಹೋಗೋಣ ಎಂದು ನೀವೇ ಮೊದಲು ಹೇಳಿ. ತಾನಾಗಿ ಕೇಳಲು ಅವಳು ಹಿಂಜರಿಯುತ್ತಿರಬಹುದು. ಖರ್ಚಿನ ಚಿಂತೆಯೂ ಅವಳಿಗಿರಬಹುದು.

ನಾಚಿಕೆ ಒಳ್ಳೆಯ ಗುಣ. ಆದರೆ ಅದು ತಿಳಿವಳಿಕೆಗೆ ಅಡ್ಡ ಬರಬಾರದು. ನಿಲ್ಲದ ಸ್ರಾವದಿಂದ ಬಳಲುತ್ತಿದ್ದ ಫಾತಿಮಾ ಬಿಂತ್ ಅಬೀ ಹುಬೈಶ್(ರ) ಪ್ರವಾದಿ(ಸ)ರ ಬಳಿಗೇ ಬಂದು ತಮ್ಮ ತೊಂದರೆಯನ್ನು ಹೇಳಿಕೊಂಡರು. ಅವರ ಪ್ರಶ್ನೆಗೆ ಉತ್ತರ ಸಿಕ್ಕಿತು, ಗದರಿಕೆ ಸಿಗಲಿಲ್ಲ. ಅಂದು ಕೇಳಬಹುದಾಗಿದ್ದ ಮಾತನ್ನು ಇಂದು ವೈದ್ಯೆಯ ಮುಂದೆ ಹೇಳಲು ನಾವೇಕೆ ಹಿಂಜರಿಯಬೇಕು?

ಮೊದಲು ಹೇಳಿದ ಸಹೋದರಿಗೆ ರಕ್ತ ಕೊಟ್ಟರು. ಒಳಪದರದ ಪರೀಕ್ಷೆಯಲ್ಲಿ ಕ್ಯಾನ್ಸರ್ ಇರಲಿಲ್ಲ. ಹಾರ್ಮೋನಿನ ವಂಕಿ ಮತ್ತು ಕಬ್ಬಿಣದ ಮಾತ್ರೆಯಿಂದ ನಾಲ್ಕು ತಿಂಗಳಲ್ಲಿ ಚೇತರಿಸಿಕೊಂಡರು. ಗರ್ಭಕೋಶ ತೆಗೆಯುವ ಅಗತ್ಯ ಬೀಳಲಿಲ್ಲ. ಮಗಳ ನಿಕಾಹ್‌ನ ದಿನ ಹೆಚ್ಚಿನ ಹೊತ್ತು ಕುರ್ಚಿಯಲ್ಲೇ ಕುಳಿತಿದ್ದರು, ಆದರೆ ಮಗಳ ಪಕ್ಕದಲ್ಲೇ ಇದ್ದರು. ಈಗ ಅವರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಸಣ್ಣ ಚುಕ್ಕಿಗಳಿವೆ. ಬಂದ ದಿನಕ್ಕೊಂದು, ನಿಂತ ದಿನಕ್ಕೊಂದು, ಹೆಚ್ಚು ಹೋದ ದಿನಕ್ಕೆ ಎರಡು. ಕಳೆದ ತಿಂಗಳು ಅತ್ತಿಗೆಯನ್ನೂ ತಪಾಸಣೆಗೆ ಕರೆದುಕೊಂಡು ಹೋಗಿದ್ದರು.

ನಿಮ್ಮ ಮನೆಯ ಕ್ಯಾಲೆಂಡರಿನಲ್ಲೂ ಇಂದಿನಿಂದಲೇ ಆ ಚುಕ್ಕಿ ಹಾಕಲು ಶುರು ಮಾಡಿ. ವೈದ್ಯರಿಗೂ ಅದು ಬೇಕು, ನಿಮಗೂ ಬೇಕು.